ಇಡ್ತೇನೆ, ದುಡ್ಡು ಓಡ್ತಾ ಇದೆ

ಒಬ್ಬರ ವಯಸ್ಸು ತಿಳಿಯಬೇಕೆಂದರೆ ಅವರ ತಲೆಗೂದಲು ನೋಡಬೇಡಿ, ಅದಕ್ಕೆ ಬಣ್ಣ ಸಿಗುತ್ತದೆ. ಆಧಾರ್ ಕಾರ್ಡನ್ನೂ ನಂಬಬೇಡಿ. ನಮ್ಮಲ್ಲಿ ಎಷ್ಟೋ ಜನ ಒಂದನೇ ಕ್ಲಾಸಿನ ಮೇಷ್ಟ್ರ ಕೃಪೆಯಿಂದ ಜೂನ್ ಒಂದರಂದೇ ಹುಟ್ಟಿದವರು. ಅವರು ಫೋನಿನಲ್ಲಿ ಮಾತಾಡುವುದನ್ನು ಸ್ವಲ್ಪ ಹೊತ್ತು ಕೇಳಿಸಿಕೊಳ್ಳಿ, ಸಾಕು. ಯಾರು ಯಾವ ದರಕ್ಕೆ ಫೋನ್ ಮಾಡಲು ಕಲಿತರೋ, ಆ ದರದಲ್ಲೇ ಕೊನೆತನಕ ಮಾತಾಡುತ್ತಾರೆ. ಇದು ನನ್ನ ಸಿದ್ಧಾಂತ. ಇದಕ್ಕೆ ಯಾವ ವಿಶ್ವವಿದ್ಯಾಲಯದ ಮುದ್ರೆಯೂ ಇಲ್ಲ, ನಮ್ಮ ಮನೆಯ ಪುರಾವೆ ಮಾತ್ರ ಧಾರಾಳವಾಗಿದೆ.

ಸಾಗರದ ಹತ್ತಿರ ಹಳ್ಳಿಯಲ್ಲಿರುವ ನನ್ನ ದೊಡ್ಡಪ್ಪ ಫೋನ್ ಮಾಡಿದರೆ ಕೂಗುತ್ತಾರೆ. "ಹಲೋ! ಎಲ್ಲ ಆರಾಮಾ? ಆರಾಮಾ? ನಾವೂ ಆರಾಮು! ಮಳೆ ಹಿಡಿದಿದೆ! ಇಡ್ತೆ!" ಮುಗಿಯಿತು. ನಾನು "ಆರಾಮು ದೊಡ್ಡಪ್ಪ" ಎನ್ನುವಷ್ಟರಲ್ಲಿ ಫೋನ್ ಸತ್ತಿರುತ್ತದೆ. ನನ್ನ ಮಗಳು ಇದಕ್ಕೆ ನಗುತ್ತಾಳೆ. ಅವಳಿಗೆ ಗೊತ್ತಿಲ್ಲ, ದೊಡ್ಡಪ್ಪ ಟ್ರಂಕ್ ಕಾಲ್ ಶಾಲೆಯಲ್ಲಿ ಓದಿದವರು. ಆ ಶಾಲೆಯಲ್ಲಿ ಪೀರಿಯಡ್ಡು ಮೂರೇ ನಿಮಿಷ. ಬೆಳಿಗ್ಗೆ ಎಕ್ಸ್‌ಚೇಂಜಿಗೆ ಹೇಳಿ ಕರೆ ಬುಕ್ ಮಾಡಿದರೆ ಮಧ್ಯಾಹ್ನವೋ ಸಂಜೆಯೋ ಲೈನು ಸಿಗುವುದು. ಅಲ್ಲಿಯವರೆಗೆ ಮನೆಯಲ್ಲಿ ಒಬ್ಬರು ಫೋನಿನ ಕಾವಲು. ಅರ್ಜೆಂಟ್ ಅಂದರೆ ದರ ಹೆಚ್ಚು, ಲೈಟ್ನಿಂಗ್ ಅಂದರೆ ಹಲವು ಪಟ್ಟು ಹೆಚ್ಚು. ಮಿಂಚಿನ ಹೆಸರಿಟ್ಟುಕೊಂಡದ್ದಕ್ಕೆ ಸರಿಯಾಗಿ ಬಿಲ್ಲು ಬಂದಾಗ ಸಿಡಿಲು. ಮಾತು ರಂಗೇರುವ ಹೊತ್ತಿಗೆ ಆಪರೇಟರ್ ನಡುವೆ ಬಂದು ಮೂರು ನಿಮಿಷ ಆಯಿತು ಎನ್ನುವರು. ಆ ಲೈನಿನಲ್ಲಿ ಗೊರಗೊರ ಸದ್ದಿನ ನಡುವೆ ಮಾತು ದಾಟಿಸಬೇಕಾದರೆ ಕೂಗದೆ ಉಪಾಯವಿಲ್ಲ. ತಂತಿ ಹೋಗಿ ಟವರು ಬಂದರೂ ದೊಡ್ಡಪ್ಪನ ಗಂಟಲಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಅದಕ್ಕೂ ಹಿಂದಿನದು ಟೆಲಿಗ್ರಾಂ. ಅಲ್ಲಿ ನಿಮಿಷದ ಲೆಕ್ಕವಲ್ಲ, ಪದದ ಲೆಕ್ಕ. ಜೀವಮಾನದಲ್ಲಿ ಇಂಗ್ಲಿಷ್ ಕಲಿಯದವರಿಗೂ "ಮದರ್ ಸೀರಿಯಸ್, ಸ್ಟಾರ್ಟ್ ಇಮ್ಮಿಡಿಯಟ್ಲಿ" ಅರ್ಥವಾಗುತ್ತಿತ್ತು. ಸೀರಿಯಸ್ ಎಂದರೆ ಮುಗಿದೇ ಹೋಗಿದೆ ಎಂಬುದೂ ಅರ್ಥವಾಗುತ್ತಿತ್ತು. ಹಬ್ಬಕ್ಕೆ, ಮದುವೆಗೆ ಸಿದ್ಧ ಶುಭಾಶಯಗಳ ಪಟ್ಟಿಯಿತ್ತು. ಒಂದೊಂದಕ್ಕೂ ಒಂದು ನಂಬರು. ನಂಬರು ಬರೆದುಕೊಟ್ಟರೆ ಅತ್ತ ಕಡೆ ಪೂರ್ತಿ ವಾಕ್ಯವಾಗಿ ಮುಟ್ಟುವುದು. ಇವತ್ತು ಮಕ್ಕಳು ಕೇಕಿನ ಚಿತ್ರ ಒತ್ತಿ ಹುಟ್ಟುಹಬ್ಬ ಮುಗಿಸಿದರೆ ಮೂಗು ಮುರಿಯುವ ಹಿರಿಯರು ಆ ನಂಬರಿನ ಪಟ್ಟಿಯನ್ನು ನೆನೆಯುವುದು ಒಳ್ಳೆಯದು. 2013ರ ಜುಲೈನಲ್ಲಿ ಟೆಲಿಗ್ರಾಂ ನಿಂತಿತು. ಅದು ಬಂದರೆ ಎದೆ ಹೊಡೆದುಕೊಳ್ಳುತ್ತಿದ್ದವರೇ ಅದು ಹೋದಾಗ ಕಣ್ಣೀರು ಹಾಕಿದರು.

ಕಾಗದದ ಜನ ಬೇರೆ. ಅವರಿಗೆ ಒಂದು ಇನ್‌ಲ್ಯಾಂಡ್ ಲೆಟರಿನ ನೀಲಿ ಜಾಗವೆಲ್ಲ ಸ್ವಂತ ಆಸ್ತಿ. ಬೆಲೆ ಕಾಗದಕ್ಕೆ, ಮಾತಿಗಲ್ಲ. ಹಾಗಾಗಿ ಎಷ್ಟು ತುಂಬಿಸಿದರೆ ಅಷ್ಟು ಲಾಭ. ಮೇಲೆ "ಕ್ಷೇಮ", ಪಕ್ಕದಲ್ಲಿ ಊರು, ತಾರೀಕು, ಆಮೇಲೆ "ಉ. ಕು. ಸಾಂಪ್ರತ", ಆಮೇಲೆ ಲೋಕದ ಸುದ್ದಿ. ಜಾಗ ಮುಗಿದ ಮೇಲೆ ಅಂಚಿನಲ್ಲಿ ಅಡ್ಡಡ್ಡ, ಅಂಟು ಹಚ್ಚುವ ಮಡಿಕೆಯ ಮೇಲೂ ನಾಲ್ಕು ಸಾಲು. ನನ್ನ ದೊಡ್ಡಮ್ಮ ಈ ಪಂಥದವರು. ಮೊಮ್ಮಗ ಅವರಿಗೆ ವಾಟ್ಸ್ಯಾಪಿನಲ್ಲಿ ಧ್ವನಿ ಕಳಿಸುವುದನ್ನು ಕಲಿಸಿಕೊಟ್ಟಿದ್ದಾನೆ. ಅವರು ಮೈಕಿನ ಗುರುತನ್ನು ಒತ್ತಿ ಹಿಡಿದು ಶುರುಮಾಡುತ್ತಾರೆ: "ಚಿರಂಜೀವಿಗೆ ದೊಡ್ಡಮ್ಮನ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ..." ಅಡಿಕೆಗೆ ಕೊಳೆ ಬಂದದ್ದು, ಗೌರಿ ಕರು ಹಾಕಿದ್ದು, ಪಕ್ಕದ ಮನೆಯ ಹುಡುಗಿಯನ್ನು ನೋಡಿಕೊಂಡು ಹೋದದ್ದು, ಎಲ್ಲ ಕ್ರಮವಾಗಿ ಬಂದು ಕೊನೆಗೆ "ಇಂತು, ನಿನ್ನ ದೊಡ್ಡಮ್ಮ" ಎಂದು ಸಹಿ. ಆಗಾಗ ಬೆರಳು ಜಾರಿ ಅರ್ಧಕ್ಕೇ ನಿಲ್ಲುತ್ತದೆ. ಮುಂದಿನ ಧ್ವನಿ ನಿಂತ ಪದದಿಂದಲೇ ಆರಂಭ. ನನ್ನ ಮಗಳು ಅದನ್ನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ ಕೇಳುತ್ತಾಳೆ. ದೊಡ್ಡಮ್ಮನ ಮಾತು ದೊಡ್ಡಪ್ಪನ ಟ್ರಂಕ್ ಕಾಲಿನ ಲಯಕ್ಕೆ ಬರುತ್ತದೆ.

ಇನ್ನು ನಾನು. ನನ್ನದು ಎಸ್‌ಟಿಡಿ ಬೂತಿನ ತಲೆಮಾರು. ಬೂತಿನ ಮಾತು ಬಂದಾಗ ಕಿತ್ತೂರನ್ನು ನೆನೆಯದೆ ಮುಂದೆ ಹೋಗಬಾರದು. ಚೆನ್ನಮ್ಮನ ಕಿತ್ತೂರೇ. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದು ತಯಾರಿಸಿದ 128 ಲೈನಿನ ಪುಟ್ಟ ಎಕ್ಸ್‌ಚೇಂಜನ್ನು ಮೊದಲು ಕೂರಿಸಿದ್ದು 1986ರಲ್ಲಿ ಅಲ್ಲಿ. ವಿದೇಶದ ಯಂತ್ರಗಳಿಗೆ ಏಸಿ ಕೋಣೆಯ ಉಪಚಾರ ಬೇಕಿತ್ತು; ಇದು ನಮ್ಮ ಸೆಕೆ, ನಮ್ಮ ಧೂಳಿನಲ್ಲೇ ಬದುಕಿಕೊಂಡಿತು. ಬೆಂಗಳೂರಿನಲ್ಲಿ ಫೋನ್ ತಯಾರಿಸುವ ಐಟಿಐ ಕಾರ್ಖಾನೆ 1948ರಿಂದಲೇ ಇತ್ತು, ಅದರ ಸುತ್ತ ದೂರವಾಣಿನಗರ ಎಂಬ ಬಡಾವಣೆಯೇ ಬೆಳೆದಿತ್ತು. ಆದರೂ ಅರ್ಜಿ ಹಾಕಿದವರು ಮನೆಗೆ ಫೋನ್ ಬರಲು ವರ್ಷಗಟ್ಟಲೆ ಕಾಯುತ್ತಿದ್ದರು. ಅಲ್ಲಿಯವರೆಗೆ ಪಕ್ಕದ ಮನೆಯ ನಂಬರನ್ನೇ "ಪಿ.ಪಿ." ಎಂದು ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿಸುವ ಧೈರ್ಯ ನಮಗಿತ್ತು, ಅದನ್ನು ಸಹಿಸುವ ತಾಳ್ಮೆ ಪಕ್ಕದ ಮನೆಯವರಿಗಿತ್ತು. ಸಣ್ಣ ಎಕ್ಸ್‌ಚೇಂಜುಗಳು ಊರೂರಿಗೆ ಬಂದ ಮೇಲೆ ಹಳದಿ ಬೋರ್ಡಿನ ಬೂತುಗಳೂ ಬಂದವು.

ಬೂತಿನ ಗಾಜಿನ ಗೂಡಿನೊಳಗೆ ನಮ್ಮ ಅಮ್ಮ ನಿಂತಿರುವುದು ಈಗಲೂ ಕಣ್ಣಿಗೆ ಕಟ್ಟುತ್ತದೆ. ಎಡಗೈಯಲ್ಲಿ ರಿಸೀವರು, ಬಲಗೈಯಲ್ಲಿ ಮನೆಯಿಂದಲೇ ಬರೆದು ತಂದ ಚೀಟಿ, ಕಣ್ಣು ಮಾತ್ರ ಗೋಡೆಯ ಮೇಲಿನ ಕೆಂಪು ಅಂಕಿಗಳ ಮೇಲೆ. ಊರು ದೂರವಾದಷ್ಟೂ ಮೀಟರು ಬೇಗ ಓಡುತ್ತಿತ್ತು. ಹಾಗಾಗಿ ಶಿವಮೊಗ್ಗದ ಅಕ್ಕನೊಂದಿಗೆ ಹುಳಿಯ ಪುಡಿಯ ಹದದವರೆಗೂ ಚರ್ಚೆಯಾಗುತ್ತಿತ್ತು, ದೆಹಲಿಯ ಅಣ್ಣನಿಗೆ ಬರೀ "ಹುಷಾರು". ಅಮ್ಮನಿಗೆ ಅಣ್ಣನ ಮೇಲೆ ಪ್ರೀತಿ ಕಡಿಮೆಯಿರಲಿಲ್ಲ. ಇಲಾಖೆಯ ನಿಯಮ ಹಾಗಿತ್ತು. ರಾತ್ರಿ ಹೊತ್ತಾದಂತೆ ದರ ಅರ್ಧಕ್ಕೆ, ಇನ್ನೂ ಹೊತ್ತಾದರೆ ಕಾಲಕ್ಕೆ ಇಳಿಯುತ್ತಿದ್ದುದರಿಂದ ಊಟ ಮುಗಿಸಿ ಬಂದವರ ಸಾಲು ಬೂತಿನ ಮುಂದೆ ಬೆಳೆಯುತ್ತಿತ್ತು. ಸಾಲಿನಲ್ಲಿದ್ದ ಪ್ರೇಮಿಗಳು ಎಲ್ಲರನ್ನೂ ಮುಂದೆ ಬಿಟ್ಟು ತಾವು ಹಿಂದೆ ಸರಿಯುತ್ತಿದ್ದರು. ಅದನ್ನು ಸೌಜನ್ಯವೆಂದು ತಿಳಿದವರೂ ಇದ್ದರು.

ಆಮೇಲೆ ಮೊಬೈಲ್. 1995ರಲ್ಲಿ ಅದು ಈ ದೇಶಕ್ಕೆ ಬಂದಾಗ ಕರೆ ಮಾಡಿದವರಿಗೂ ದುಡ್ಡು, ಎತ್ತಿದವರಿಗೂ ದುಡ್ಡು. ಮದುವೆ ಊಟಕ್ಕೆ ಕರೆದವರು, ಹೋದವರು ಇಬ್ಬರೂ ದುಡ್ಡು ಕೊಟ್ಟ ಹಾಗೆ. ಒಳಬರುವ ಕರೆ ಬಿಟ್ಟಿಯಾದದ್ದು 2003ರಲ್ಲಿ. ಈ ಕಾಲದಲ್ಲಿ ನಮ್ಮ ತಲೆಮಾರು ಮಿಸ್ಡ್ ಕಾಲ್ ಎಂಬ ಶಾಸ್ತ್ರವನ್ನು ಕಟ್ಟಿತು. ಒಂದು ರಿಂಗಾದರೆ ಬಸ್ಸು ಹತ್ತಿದೆ, ಎರಡಾದರೆ ಇಳಿದೆ, ಮೂರಾದರೆ ಗಾಡಿ ತಂದು ನಿಲ್ಲು. ಅಪ್ಪಿತಪ್ಪಿ ಯಾರಾದರೂ ಎತ್ತಿಬಿಟ್ಟರೆ ಬೈಗುಳ. ಎಸ್ಸೆಮ್ಮೆಸ್ಸಿನ ಜಿಪುಣತನ ಇನ್ನೊಂದು. ಇಂಗ್ಲಿಷ್ ಅಕ್ಷರವಾದರೆ ಒಂದು ಸಂದೇಶಕ್ಕೆ 160, ಕನ್ನಡ ಲಿಪಿಯಾದರೆ 70ಕ್ಕೇ ಬಾಗಿಲು ಬಂದ್. ಎಷ್ಟೋ ಫೋನಿನಲ್ಲಿ ಕನ್ನಡ ಮೂಡುತ್ತಲೂ ಇರಲಿಲ್ಲ. "ಊಟ ಆಯ್ತಾ" ಎಂಬುದನ್ನು ಇಂಗ್ಲಿಷ್ ಅಕ್ಷರದಲ್ಲಿ, ಅದರಲ್ಲೂ ಸ್ವರ ನುಂಗಿ ಬರೆಯುವ ಅಭ್ಯಾಸ ಆಗ ಅಂಟಿದ್ದು. ಈಗ ಕನ್ನಡ ಕೀಲಿಮಣೆ ಪುಕ್ಕಟೆ ಇದೆ, ಅಭ್ಯಾಸ ಬಿಟ್ಟಿಲ್ಲ. ಹಬ್ಬದ ದಿನ ಉಚಿತ ಎಸ್ಸೆಮ್ಮೆಸ್ಸಿನ ಪ್ಯಾಕು ನಡೆಯುತ್ತಿರಲಿಲ್ಲವಾದ್ದರಿಂದ ಯುಗಾದಿಯ ಶುಭಾಶಯ ಅಮಾವಾಸ್ಯೆಯ ದಿನವೇ ಬರುತ್ತಿತ್ತು. ಇವತ್ತಿಗೂ ಹಿಂದಿನ ಸಂಜೆಯೇ ಹಬ್ಬ ಹಾರೈಸುವ ಗೆಳೆಯರು ನನಗಿದ್ದಾರೆ. ಅವರ ವಯಸ್ಸು ಕೇಳುವ ಅಗತ್ಯವಿಲ್ಲ.

ಮಗಳ ತಲೆಮಾರಿಗೆ ಬಂದರೆ ಸಿದ್ಧಾಂತ ಬಿದ್ದುಹೋಗುತ್ತದೆ ಎಂದು ನೀವು ಅಂದುಕೊಂಡಿರಬಹುದು. ಕರೆ ಪೂರ್ತಿ ಬಿಟ್ಟಿ. ಹಾಗಾದರೆ ಅವರು ಬಾಯಿತುಂಬ ಮಾತಾಡಬೇಕಲ್ಲ? ಕರೆ ಬಂದರೆ ಅವಳು ಫೋನನ್ನು ಚೇಳಿನಂತೆ ನೋಡಿ, ಅದು ತಾನಾಗಿ ನಿಲ್ಲುವವರೆಗೆ ಕಾದು, "ಏನು ವಿಷಯ?" ಎಂದು ಟೈಪ್ ಮಾಡುತ್ತಾಳೆ. ಹಿರಿಯರು ಇದನ್ನು ಅಹಂಕಾರ ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ನಮಗೆ ಮಾತು ಮುಗಿಸಿಕೊಡಲು ಇಲಾಖೆಯೇ ಇತ್ತು. ಎಂಥ ಕೊರೆಯುವ ನೆಂಟನನ್ನೂ "ಇಡ್ತೇನೆ, ನಿಮಗೆ ದುಡ್ಡು ಓಡ್ತಾ ಇದೆ" ಎಂದು ಅವನ ಹಿತಕ್ಕಾಗಿಯೇ ಸುಮ್ಮನಾಗಿಸಬಹುದಿತ್ತು. ಅವನಿಗೂ ಬೇಸರವಿಲ್ಲ, ನಮಗೂ ಪಾಪವಿಲ್ಲ. ದರ ಹೋದಾಗ ಅದರ ಜೊತೆ ಆ ನೆಪವೂ ಹೋಯಿತು. ಈಗ ಕರೆ ನಿಲ್ಲಿಸಿದರೆ ನಿಲ್ಲಿಸಿದವರೇ ಹೊಣೆ. ಮುಗಿಸುವ ದಾರಿಯಿಲ್ಲದ ಮಾತನ್ನು ಶುರುಮಾಡಲು ಯಾರಿಗಾದರೂ ಹೆದರಿಕೆಯೇ.

ಜಿಪುಣತನವೂ ಅವರಲ್ಲಿ ಸತ್ತಿಲ್ಲ, ತಲೆಕೆಳಗಾಗಿದೆ ಅಷ್ಟೆ. ಅವಳ ಪ್ಯಾಕಿನಲ್ಲಿ ದಿನಕ್ಕೆ ಒಂದೂವರೆ ಜಿಬಿ. ಉಳಿದದ್ದು ನಾಳೆಗೆ ಬರುವುದಿಲ್ಲ, ನಡುರಾತ್ರಿಗೆ ಲೆಕ್ಕ ಚುಕ್ತಾ. ರಾತ್ರಿ ಹನ್ನೊಂದೂವರೆಗೆ ಅವಳು ರೀಲ್ಸ್ ನೋಡುತ್ತಾ ಕೂತಿದ್ದಾಳೆ. "ಮಲಗೇ" ಎಂದರೆ "ಇನ್ನೂ ಡೇಟಾ ಉಳಿದಿದೆ ಅಪ್ಪಾ, ವೇಸ್ಟ್ ಆಗತ್ತೆ" ಎನ್ನುತ್ತಾಳೆ. ದೊಡ್ಡಪ್ಪ ದುಡ್ಡು ಉಳಿಸಲು ಬಾಯಿ ಮುಚ್ಚಿದರು, ಇವಳು ದುಡ್ಡು ದಂಡವಾಗದಿರಲು ಕಣ್ಣು ಬಿಟ್ಟುಕೊಂಡಿದ್ದಾಳೆ. ಮಾಸಿಕ ಎನ್ನುವ ಪ್ಯಾಕಿಗೆ 28 ದಿನ. ಪಂಚಾಂಗದಲ್ಲಿ ಹನ್ನೆರಡು ತಿಂಗಳಾದರೆ ಇವಳ ವರ್ಷಕ್ಕೆ ಹದಿಮೂರು ರೀಚಾರ್ಜು. ಇಂಥ ಅಧಿಕ ಮಾಸ ಪ್ರತಿ ವರ್ಷ ಬರುವುದು ಕಂಪನಿಗಳ ಪಂಚಾಂಗದಲ್ಲಿ ಮಾತ್ರ.

ಹಾಗಾಗಿ ಯಾರು ಯಾರನ್ನೂ ನೋಡಿ ನಗುವಂತಿಲ್ಲ. ದೊಡ್ಡಪ್ಪನ ಕೂಗು, ಅಮ್ಮನ ಚೀಟಿ, ನಮ್ಮ ಮಿಸ್ಡ್ ಕಾಲು, ಮಗಳ ನಡುರಾತ್ರಿಯ ರೀಲ್ಸು, ಎಲ್ಲವೂ ಆಯಾ ಕಾಲದ ದರಪಟ್ಟಿ ಕಲಿಸಿದ ನಡವಳಿಕೆ. ಮಾತು ಮುಗಿಸುವ ವಿಷಯದಲ್ಲಿ ಮಾತ್ರ ಹೊಸಬರಿಗೆ ಒಂದು ಸಹಾಯ ಬೇಕು. "ಚಾರ್ಜ್ ಇಲ್ಲ" ಎಂದರೆ ಈಗ ಯಾರೂ ನಂಬುವುದಿಲ್ಲ, "ಸಿಗ್ನಲ್ ಇಲ್ಲ" ಎಂದರೆ ಮಲೆನಾಡಿನಲ್ಲಷ್ಟೇ ನಂಬುತ್ತಾರೆ. ದೊಡ್ಡಮ್ಮನನ್ನು ಕೇಳಿದೆ. ಅವರ ಬಳಿ ಟ್ರಂಕ್ ಕಾಲಿನಿಂದ ವೀಡಿಯೊ ಕಾಲಿನವರೆಗೆ ಯಾವ ದರದಲ್ಲೂ ಸವೆಯದ ಒಂದು ನೆಪವಿದೆಯಂತೆ: "ಇಡ್ತೆ ಮಾರಾಯ, ಒಲೆ ಮೇಲೆ ಹಾಲಿದೆ." ವೀಡಿಯೊ ಕಾಲಿನಲ್ಲಿ ಸಿಕ್ಕಿಬೀಳುವುದಿಲ್ಲವೇ ಎಂದರೆ, "ಅದಕ್ಕೇ ನಾನು ಮೊದಲೇ ಅಡುಗೆಮನೆಗೆ ಹೋಗಿ ಫೋನ್ ಎತ್ತದು" ಎಂದರು.