ಬಿನ್, ಕೋಂ ಮತ್ತು ಮುತ್ತಜ್ಜಿ

ಟೇಕಲ್ ಸೀಮೆಯ ಹಳೆಯ ಪಹಣಿಗಳಲ್ಲಿ ಗಂಡಸೊಬ್ಬನ ಮೂಲ ಹುಡುಕಲು ಒಂದು ಪುಟ್ಟ ಪದ ಸಾಕು: ಬಿನ್. ಮುನಿಯಪ್ಪ ಬಿನ್ ದೊಡ್ಡವೆಂಕಟಪ್ಪ ಎಂದರೆ ಅಪ್ಪ ಸಿಕ್ಕ. ಅಪ್ಪನ ಖಾತೆ ಹಿಡಿದರೆ ಅಜ್ಜನೂ ಸಿಕ್ಕಾನು. ಒಂದೇ ಊರಲ್ಲಿ ನಾಲ್ವರು ಮುನಿಯಪ್ಪಂದಿರಿದ್ದರೆ ಏನು ಗತಿ ಎಂದು ಕೇಳಬಹುದು. ಸರ್ವೆ ನಂಬರೂ ಚಕ್ಕುಬಂದಿಯೂ ಅವರನ್ನು ಬೇರ್ಪಡಿಸುತ್ತವೆ. ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ಕೆರೆ ಎಂಬುದು ಹೆಸರಿಗಿಂತ ಗಟ್ಟಿ ಗುರುತು. ಆದರೆ ಹೆಂಗಸಿಗೆ ಅಲ್ಲಿರುವ ಪದ ಕೋಂ. ಮುನಿಯಮ್ಮ ಕೋಂ ವೆಂಕಟಪ್ಪ. ಗಂಡ ಯಾರೆಂದು ತಿಳಿಯಿತು. ಅವಳು ಯಾರ ಮಗಳು, ತವರು ಯಾವುದು ಎಂಬುದು ಆ ಒಂದಕ್ಷರದಲ್ಲಿ ಅಳಿಸಿಹೋಯಿತು. ಮುತ್ತಜ್ಜಿಯನ್ನು ಹುಡುಕುವವರು ಮಗಳೆಂದೂ ಹೆಂಡತಿಯೆಂದೂ ಅವಳನ್ನು ಒಟ್ಟಿಗೆ ಹೆಸರಿಸಿದ ಕಾಗದಕ್ಕಾಗಿ ಹುಡುಕಬೇಕು ಎಂಬುದು ನನ್ನ ವಾದ.

ಮದುವೆಯ ದಾಖಲೆಯೇ ಅಂಥ ಕಾಗದವಲ್ಲವೇ? ಹೌದು, ಇದ್ದಿದ್ದರೆ. ಚರ್ಚುಗಳು ದಫ್ತರ ಇಟ್ಟವು. ಉಳಿದವರ ಮದುವೆ ನೋಂದಣಿಗೆ ಕರ್ನಾಟಕ ಕಾಯಿದೆ ಮಾಡಿದ್ದು 1976ರಲ್ಲಿ. ಅದಕ್ಕೂ ಹಿಂದೆ ಚಪ್ಪರದಡಿ ನಡೆದ ಧಾರೆಗೆ ನೆಂಟರೇ ಸಾಕ್ಷಿ. ಹಾಗಾದರೆ ಜನಗಣತಿ? ಬ್ರಿಟನ್ನಿನ 1921ರ ಮನೆಮನೆಯ ಹಾಳೆಗಳೂ ಅಮೆರಿಕದ 1950ರವೂ 2022ರಲ್ಲಿ ಎಲ್ಲರಿಗೂ ತೆರೆದವು. ನಮ್ಮಲ್ಲಿ 1948ರ ಜನಗಣತಿ ಕಾಯಿದೆಯ 15ನೇ ಕಲಂ ಅಂಥ ಹಾಳೆ ನೋಡುವ ಹಕ್ಕನ್ನೇ ಕೊಡುವುದಿಲ್ಲ. ಹಾಗೆಂದು ಗಣತಿ ನಿರುಪಯೋಗಿಯಲ್ಲ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50.5 ಲಕ್ಷ, 1881ರಲ್ಲಿ 41.8 ಲಕ್ಷ. ನಡುವೆ ಇದ್ದದ್ದು 1876–78ರ ಘೋರ ಬರ. ವಂಶವೃಕ್ಷದಲ್ಲಿ ಆ ತಲೆಮಾರಿನ ಕೊಂಬೆಗಳು ಥಟ್ಟನೆ ನಿಂತಿದ್ದರೆ, ಮರೆವನ್ನು ದೂರುವ ಮುಂಚೆ ಈ ಅಂಕಿಗಳ ಮುಂದೆ ತುಸು ನಿಲ್ಲಬೇಕು.

ಹೆಸರು ಸಿಗುವ ಸಂಭವ ಹೆಚ್ಚಿರುವುದು ಪಾಲುಪಾರೀಕತ್ತಿನಲ್ಲಿ, ಮಗಳ ಅರಿಶಿನ ಕುಂಕುಮಕ್ಕೆಂದು ತುಂಡು ಭೂಮಿ ಕೊಟ್ಟ ದಾನಪತ್ರದಲ್ಲಿ. ಅಲ್ಲಿ ಅಪ್ಪ, ಮಗಳು, ಅಳಿಯ ಒಂದೇ ಪುಟದಲ್ಲಿ ಬರುವುದುಂಟು. ಆದ್ದರಿಂದ ಗಂಡನ ಊರಿನ ಪಹಣಿಯನ್ನಷ್ಟೇ ತಿರುವಿದರೆ ಸಾಲದು, ತವರಿನ ಪತ್ರಗಳನ್ನೂ ನೋಡಬೇಕು.

ಇದಕ್ಕೆ ನಿಜವಾಗಿ ತೂಕವುಳ್ಳ ಆಕ್ಷೇಪ ಒಂದಿದೆ: ಭೂಮಿಯೇ ಇಲ್ಲದವರ ಪಾಡೇನು? ತೋಟಿ, ನೀರಗಂಟಿ ಇನಾಂ ಇದ್ದ ಮನೆಗಳಿಗೆ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆಯ ನಂತರದ ಮರುಮಂಜೂರಾತಿ ಕಡತಗಳಿವೆ. ಬಂಡೆ ಒಡೆದು, ಕೂಲಿ ಮಾಡಿ ಬದುಕಿದವರಿಗೆ ಅದೂ ಇಲ್ಲ. ಅವರ ಮುತ್ತಜ್ಜಿಗೆ ಗಣತಿಯ ಹಾಳೆಯೊಂದೇ ಕಾಗದವಾಗುತ್ತಿತ್ತು. ಇಲ್ಲಿ ನನ್ನ ವಾದ ಸೋಲುತ್ತದೆ. ಆ ಮನೆಗಳಲ್ಲಿ ಉಳಿದ ದಾಖಲೆ, ತವರೂರ ಹೆಸರನ್ನು ಇನ್ನೂ ಬಲ್ಲ ಮುದುಕಿಯರ ಬಾಯಿಮಾತು.