ಕತ್ತಲ ದ್ವೀಪದಲ್ಲಿ ದೀಪವಿದ್ದ ಮನೆ

ಕೆರಿಬಿಯನ್ ಕಡಲಿನ ಪೋರ್ಟೊರಿಕೊ ದ್ವೀಪಕ್ಕೆ ನಡುಬೆನ್ನಿನಂತೆ ಒಂದು ಬೆಟ್ಟಸಾಲಿದೆ. ಆ ಬೆಟ್ಟಗಳ ಮಡಿಲಲ್ಲಿರುವ ಪುಟ್ಟ ಪಟ್ಟಣ ಅಡ್‌ಹುಂಟಾಸ್. ಕಾಫಿ, ಬಾಳೆ ಬೆಳೆಯುವ ಇಳಿಜಾರು, ಸುತ್ತಿ ಸುತ್ತಿ ಏರುವ ರಸ್ತೆ. ನಮ್ಮ ಕೊಡಗಿನವರಿಗೆ ಅಷ್ಟೇನೂ ಹೊಸತೆನಿಸದ ನೋಟ.

ಪೇಟೆಯಲ್ಲೊಂದು ಗುಲಾಬಿ ಬಣ್ಣದ ಹಳೆಯ ಮನೆ. ಹೆಸರು ‘ಕಾಸಾ ಪ್ವೆಬ್ಲೊ’. ‘ಊರಮನೆ’ ಎಂದರೆ ಅರ್ಥ ಕೆಡದು. ಬೆಟ್ಟದೊಳಗಿನ ತಾಮ್ರ, ಚಿನ್ನಕ್ಕಾಗಿ ತೆರೆದ ಗಣಿ ತೋಡುವ ಯೋಜನೆ ಬಂದಾಗ ಅದನ್ನು ತಡೆಯಲು ಎಂಜಿನಿಯರ್ ಅಲೆಕ್ಸಿಸ್ ಮಸ್ಸೊಲ್ ಮತ್ತು ಅವರ ಪತ್ನಿ, ಶಿಕ್ಷಕಿ ಟಿಂಟಿ ದೆಯಾ 1980ರಲ್ಲಿ ಕಟ್ಟಿದ ಸಂಸ್ಥೆಯಿದು. ಹದಿನೈದು ವರ್ಷ ಹೋರಾಡಿ ಗೆದ್ದರು. ಗಣಿಯಾಗಬೇಕಿದ್ದ ನೆಲ 1996ರಲ್ಲಿ ಸಂರಕ್ಷಿತ ಅರಣ್ಯವಾಯಿತು. ಖರ್ಚಿಗೆಂದು ಸಂಸ್ಥೆ ತನ್ನದೇ ಕಾಫಿಪುಡಿ ಮಾರುತ್ತದೆ. 1999ರಲ್ಲಿ ಮನೆಯ ಮಾಡಿನ ಮೇಲೆ ಸೌರಫಲಕ ಬಂದಾಗ ಅದು ಊರಿಗೆ ಒಂದು ಕೌತುಕವಾಗಿದ್ದಿರಬೇಕು, ಅಷ್ಟೆ.

2017ರ ಸೆಪ್ಟೆಂಬರ್ 20ರಂದು ಗಂಟೆಗೆ ಸುಮಾರು 250 ಕಿ.ಮೀ. ವೇಗದ ‘ಮರಿಯಾ’ ಚಂಡಮಾರುತ ದ್ವೀಪಕ್ಕೆ ಅಪ್ಪಳಿಸಿತು. ಇಡೀ ದ್ವೀಪ ಕತ್ತಲಾಯಿತು. ದೊಡ್ಡ ವಿದ್ಯುತ್ ಸ್ಥಾವರಗಳು ಹೆಚ್ಚಾಗಿ ದಕ್ಷಿಣ ಕರಾವಳಿಯಲ್ಲಿ, ಜನವಸತಿ ಹೆಚ್ಚಾಗಿ ಉತ್ತರದಲ್ಲಿ. ನಡುವಿನ ಬೆಟ್ಟ ದಾಟುವ ತಂತಿಗಳೇ ಹರಿದುಬಿದ್ದರೆ ಮಾಡುವುದೇನು? ಕೊನೆಯ ಮನೆಗಳಿಗೆ ವಿದ್ಯುತ್ ಮರಳಲು ಸುಮಾರು ಹನ್ನೊಂದು ತಿಂಗಳು ಹಿಡಿಯಿತು. ಸತ್ತವರು 64 ಮಂದಿ ಎಂದಿದ್ದ ಸರ್ಕಾರ 2018ರಲ್ಲಿ 2,975 ಎಂದು ಒಪ್ಪಿಕೊಂಡಿತು. ಹೆಚ್ಚಿನವರನ್ನು ಕೊಂದದ್ದು ಗಾಳಿಯಲ್ಲ, ಆಮೇಲಿನ ತಿಂಗಳುಗಳು.

ಅಡ್‌ಹುಂಟಾಸಿನ ಗುಲಾಬಿ ಮನೆಯಲ್ಲಿ ಮಾತ್ರ ದೀಪವಿತ್ತು. ಜನ ಫೋನಿಗೆ ಚಾರ್ಜ್ ಮಾಡಿಕೊಳ್ಳಲು ಬಂದರು. ಉಸಿರಾಟದ ಯಂತ್ರ ನಂಬಿಕೊಂಡವರೂ ಬಂದರು. ಸಂಸ್ಥೆ 14,000 ಸೌರದೀಪಗಳನ್ನು ಹಂಚಿತು. ಬಳಿಕ ಡಯಾಲಿಸಿಸ್ ಬೇಕಾದವರ ಮನೆಗಳಿಗೂ ಒಂದು ಕ್ಷೌರದಂಗಡಿಗೂ ಸೌರಫಲಕ ಹಾಕಿಸಿತು.

ಮಾಡಿನ ಮೇಲೆ ಫಲಕವಿದ್ದರೆ ಸಾಲದು ಎಂಬುದನ್ನೂ ಮರಿಯಾ ಕಲಿಸಿತು. ಸಾರ್ವಜನಿಕ ಜಾಲಕ್ಕೆ ಜೋಡಿಸಿದ ಸಾಮಾನ್ಯ ಸೌರ ಘಟಕ, ಜಾಲ ನಿಂತೊಡನೆ ತಾನೂ ನಿಲ್ಲುತ್ತದೆ. ಕಂಬದ ಮೇಲೆ ದುರಸ್ತಿ ಮಾಡುವ ಲೈನ್‌ಮನ್‌ಗೆ ಹಿಮ್ಮುಖ ಹರಿವಿನಿಂದ ಶಾಕ್ ಹೊಡೆಯಬಾರದೆಂದು ಈ ಏರ್ಪಾಡು. ಹೀಗಾಗಿ ಮೇಲೆ ಬಿಸಿಲು ಸುರಿಯುತ್ತಿದ್ದರೂ ಕೆಳಗೆ ಕತ್ತಲೆ! ಬೇಕಾದದ್ದು ಬ್ಯಾಟರಿ, ಮತ್ತು ಜಾಲದಿಂದ ಬೇರ್ಪಟ್ಟು ನಡೆಯುವ ಸಾಮರ್ಥ್ಯ. ಗಟ್ಟಿಯಾಗಿ ಕೂರಿಸುವುದೂ ಮುಖ್ಯ. ಪೂರ್ವ ಕರಾವಳಿಯ ಉಮಕಾವೊದಲ್ಲಿ ದೊಡ್ಡ ಸೌರಸ್ಥಾವರದ ಎಷ್ಟೋ ಫಲಕಗಳು ಅದೇ ಗಾಳಿಗೆ ಪುಡಿಯಾಗಿದ್ದವು.

2022ರ ಸೆಪ್ಟೆಂಬರಿನಲ್ಲಿ ‘ಫಿಯೋನಾ’ ಚಂಡಮಾರುತ ಮತ್ತೆ ದ್ವೀಪವನ್ನೆಲ್ಲ ಕತ್ತಲಿಗೆ ತಳ್ಳಿತು. ಊರಮನೆಯ ದೀಪ ಆರಲಿಲ್ಲ. ಮರುವರ್ಷ ಮಾರ್ಚ್‌ನಲ್ಲಿ ಪೇಟೆಯ ಚೌಕದ ಸುತ್ತಲಿನ ಹತ್ತಕ್ಕೂ ಹೆಚ್ಚು ಅಂಗಡಿಗಳು ಒಂದು ಕಿರುಜಾಲಕ್ಕೆ ಸೇರಿದವು. ಅದರ ಬ್ಯಾಟರಿಗಳಲ್ಲಿ ಸುಮಾರು ಸಾವಿರ ಯೂನಿಟ್ ವಿದ್ಯುತ್ ಕೂಡಿಡಬಹುದು. ಒಡೆತನ ಯಾವ ಕಂಪೆನಿಯದ್ದೂ ಅಲ್ಲ, ವ್ಯಾಪಾರಿಗಳೇ ಕಟ್ಟಿಕೊಂಡ ಲಾಭರಹಿತ ಸಂಘದ್ದು. ಎಂದಿನ ದಿನಗಳಲ್ಲಿ ಬಿಲ್ಲು ಇಳಿಯುತ್ತದೆ. ಬಿರುಗಾಳಿ ಬಂದರೆ ಔಷಧದಂಗಡಿಯ ಇನ್ಸುಲಿನ್ ಕೆಡುವುದಿಲ್ಲ, ಬೇಕರಿಯ ಒಲೆ ಆರುವುದಿಲ್ಲ. ಬೆಟ್ಟದ ಮೇಲೆ ಚದುರಿರುವ ಒಂಟಿಮನೆಗಳಿಗೆ ಈ ತಂತಿ ತಲುಪುವುದಿಲ್ಲ. ಅವಕ್ಕೆ ಒಂದೊಂದಾಗಿಯೇ ಫಲಕ, ಬ್ಯಾಟರಿ ಹೊತ್ತೊಯ್ಯಬೇಕು.