ನಾಲ್ಕು ಮಿಲಿಮೀಟರಿನ ಲೆಕ್ಕ

ಎರಡು ಪಿಸ್ಟನ್, ಎರಡು ಕನೆಕ್ಟಿಂಗ್ ರಾಡ್, ಒಂದು ಕ್ರ್ಯಾಂಕ್. ಯಮಹಾ ಬ್ಯಾನ್‌ಶೀ ಎಂಜಿನ್ನಿನಲ್ಲಿ ಓಡಾಡುವ ಮುಖ್ಯ ಸಾಮಾನು ಇಷ್ಟೇ. ಹೆಡ್ಡಿನಲ್ಲಿ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಟೈಮಿಂಗ್ ಚೈನ್ ಇಲ್ಲ. ನಾಲ್ಕು ದಪ್ಪ ಟಯರಿನ ಈ ಎ.ಟಿ.ವಿ. ಅಮೆರಿಕದಲ್ಲಿ 1987ರಿಂದ 2006ರವರೆಗೆ ಮಾರಾಟದಲ್ಲಿತ್ತು. ಅದು ನಿಂತು ಇಷ್ಟು ಕಾಲವಾದರೂ, ಚಳಿಗಾಲದ ಶನಿವಾರ ದಕ್ಷಿಣ ಕ್ಯಾಲಿಫೋರ್ನಿಯಾದ ಗ್ಲಾಮಿಸ್ ಮರಳುದಿಬ್ಬಗಳಿಗೆ ಹೋದರೆ ಅದರ ಟೂ-ಸ್ಟ್ರೋಕ್ ಕೂಗು ಕಿವಿಗೆ ಬೀಳುತ್ತದೆ. ನಮ್ಮ ಮನೆಯ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿಲ್ಲ. ಅಲ್ಲಿರುವುದು ಒಂದು ಬ್ಯಾನ್‌ಶೀ, ಅದರ ಬಿಡಿಭಾಗಗಳು, ಮತ್ತು ಒಂದು ಕಟ್ಟು ಬಿಳಿ ಹಾಳೆ. ಸ್ಟ್ರೋಕ್, ಅಂದರೆ ಪಿಸ್ಟನ್ನಿನ ಓಟದ ದೂರ, ಹೆಚ್ಚಿಸಿದ ಎಂಜಿನ್ನಿಗೆ ರಾಡ್ ಮತ್ತು ಪಿಸ್ಟನ್ ಆರಿಸುವ ಕೆಲಸದ ಮುಕ್ಕಾಲು ಪಾಲು ನಡೆಯುವುದು ಸ್ಪ್ಯಾನರ್ ಮುಟ್ಟುವ ಮುಂಚೆ, ಆ ಹಾಳೆಯ ಮೇಲೆ. ನನಗೆ ಎಲ್ಲಕ್ಕಿಂತ ಪ್ರಿಯವಾದ ಭಾಗವೂ ಅದೇ.

ಬ್ಯಾನ್‌ಶೀ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 64 ಮಿ.ಮೀ., ಸ್ಟ್ರೋಕ್ 54 ಮಿ.ಮೀ., ಎರಡು ಸಿಲಿಂಡರ್ ಸೇರಿ 347 ಸಿ.ಸಿ. ಬೆಂಗಳೂರಿನಲ್ಲಿ ಬೈಕಿನ ಗೀಳು ಹತ್ತಿಸಿಕೊಂಡು ಬೆಳೆದವರಿಗೆ ಈ ಅಂಕಿಗಳು ಪರಿಚಿತ. ಎಸ್ಕಾರ್ಟ್ಸ್ ಕಂಪನಿ 1983ರಲ್ಲಿ ನಮ್ಮಲ್ಲಿಗೆ ತಂದ ರಾಜದೂತ್ 350ರ ಬೋರು, ಸ್ಟ್ರೋಕು ಕೂಡ ಇವೇ. ಅದು ಗಾಳಿಯಿಂದ ತಣಿಯುವ ಆರ್‌ಡಿ 350. ಬ್ಯಾನ್‌ಶೀ ಎಂಜಿನ್ ಅದೇ ಮನೆತನದ್ದು, ನೀರಿನಿಂದ ತಣಿಯುವ ಮುಂದಿನ ತಲೆಮಾರು. ಬೆಂಗಳೂರಿನಲ್ಲಿ ಎಂಜಿನ್ ದಣಿದರೆ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸುವುದು ವಾಡಿಕೆ. ಹೀಗಾಗಿ ಊರಿನಿಂದ ಫೋನ್ ಮಾಡಿದ ತಮ್ಮನ ಮಗ, "ದೊಡ್ಡಪ್ಪಾ, ದೊಡ್ಡ ಪಿಸ್ಟನ್ ಹಾಕಿದ್ರೆ ಸಾಕಲ್ವಾ? ಕ್ರ್ಯಾಂಕಿಗೆ ಯಾಕೆ ಕೈ ಹಾಕ್ತೀರಿ?" ಎಂದು ಕೇಳಿದ್ದು ಸರಿಯಾಗಿಯೇ ಇತ್ತು.

ಅವನಿಗೆ ಲೆಕ್ಕವನ್ನೇ ಓದಿ ಹೇಳಿದೆ. ಬೋರನ್ನು 66ಕ್ಕೆ ಏರಿಸಿದರೆ ಸುಮಾರು 369 ಸಿ.ಸಿ. ಬರುತ್ತದೆ. ಬೋರ್ ಮುಟ್ಟದೆ ಸ್ಟ್ರೋಕನ್ನು ಮಾತ್ರ 58 ಮಾಡಿದರೆ 373. ಹೆಚ್ಚುಕಮ್ಮಿ ಒಂದೇ. ಸ್ಟ್ರೋಕ್ ಉದ್ದವಾದರೆ ಟಾರ್ಕ್ ತಾನಾಗಿ ಉಕ್ಕುತ್ತದೆ ಎಂದು ಹಲವರು ನಂಬುತ್ತಾರೆ; ಟಾರ್ಕ್ ಬರುವುದು ಬಹುಪಾಲು ಸಿ.ಸಿ.ಯಿಂದಲೇ, ಅದು ಯಾವ ದಾರಿಯಲ್ಲಿ ಬಂದರೂ ಸರಿ. ನಾನು ಸ್ಟ್ರೋಕಿನ ದಾರಿ ಹಿಡಿಯುವ ಕಾರಣ ಬೇರೆ. ಸಿಲಿಂಡರಿನ ಒಳಗೋಡೆಯಾದ ಸ್ಲೀವ್ ಬಲು ತೆಳು. 66ಕ್ಕೆ ಹೋದ ಮೇಲೆ ಒಮ್ಮೆ ಪಿಸ್ಟನ್ ಗೋಡೆಗೆ ಕಚ್ಚಿ ಸೀಜ್ ಆದರೆ ಮತ್ತೆ ಬೋರ್ ಮಾಡಲು ಲೋಹವೇ ಉಳಿದಿರುವುದಿಲ್ಲ. ಸ್ಟ್ರೋಕ್ ಹೆಚ್ಚಿಸಿದರೆ 64ರ ಸ್ಲೀವ್ ಹಾಗೇ ಇರುತ್ತದೆ, ಮುಂದಿನ ಓವರ್‌ಸೈಜುಗಳೆಲ್ಲ ಕೈಯಲ್ಲಿರುತ್ತವೆ. ಮರಳಿನಲ್ಲಿ ಓಡಿಸುವವರಿಗೆ ಇದು ದೊಡ್ಡ ಮಾತು. ಅಲ್ಲಿ ಹಿಂದಿನ ಪ್ಯಾಡಲ್ ಟಯರುಗಳು ದಿಬ್ಬ ಹತ್ತುವಷ್ಟು ಹೊತ್ತೂ ಮರಳನ್ನು ಅಗೆಯುತ್ತಲೇ ಇರಬೇಕು, ಎಂಜಿನ್ನಿಗೆ ಒಂದು ಕ್ಷಣವೂ ಬಿಡುವಿಲ್ಲ.

ಇನ್ನು ನಿಜವಾದ ಲೆಕ್ಕ. ಸ್ಟ್ರೋಕ್ 4 ಮಿ.ಮೀ. ಹೆಚ್ಚಿಸುವುದೆಂದರೆ ಕ್ರ್ಯಾಂಕ್ ಪಿನ್ನನ್ನು ನಡುವಿನಿಂದ 2 ಮಿ.ಮೀ. ಆಚೆಗೆ ಸರಿಸುವುದು. ಆಗ ಪಿಸ್ಟನ್ 2 ಮಿ.ಮೀ. ಹೆಚ್ಚು ಕೆಳಗಿಳಿಯುತ್ತದೆ, 2 ಮಿ.ಮೀ. ಹೆಚ್ಚು ಮೇಲೇರುತ್ತದೆ. ಮೇಲಿನ ಆ 2 ಮಿ.ಮೀ.ಗೆ ಎಲ್ಲಾದರೂ ಜಾಗ ಮಾಡಲೇಬೇಕು, ಇಲ್ಲವಾದರೆ ಪಿಸ್ಟನ್ ಹೆಡ್ಡಿಗೆ ಬಡಿಯುತ್ತದೆ. ಸ್ಟ್ರೋಕಿನ ಅರ್ಧ, ರಾಡಿನ ಉದ್ದ, ರಾಡನ್ನು ಪಿಸ್ಟನ್ನಿಗೆ ಜೋಡಿಸುವ ಗಜನ್ ಪಿನ್ನಿನಿಂದ ಪಿಸ್ಟನ್ ತಲೆಯವರೆಗಿನ ಎತ್ತರ: ಈ ಮೂರನ್ನು ಕೂಡಿದರೆ ಬರುವ ಒಂದೇ ಮೊತ್ತ ಎಲ್ಲವನ್ನೂ ನಿರ್ಧರಿಸುತ್ತದೆ. ರಾಡನ್ನು ಮೆಚ್ಚಿ ಕೊಂಡು, ಆಮೇಲೆ ಪಿಸ್ಟನ್ ಹುಡುಕಲು ಹೊರಡುವಂತಿಲ್ಲ.

ಕಂಪನಿಯ ರಾಡ್ 110 ಮಿ.ಮೀ. ಸ್ಟ್ರೋಕ್ ಹೆಚ್ಚಿಸಿದ ಎಂಜಿನ್ ಕಟ್ಟುವವರಿಗೆಂದು 115ರ ರಾಡ್ ಸಿಗುತ್ತದೆ, ಜೊತೆಗೆ ಗಜನ್ ಪಿನ್ 5 ಮಿ.ಮೀ. ಮೇಲಕ್ಕೆ ಸರಿದ ಪಿಸ್ಟನ್ನೂ ಸಿಗುತ್ತದೆ. ರಾಡ್ ಏರಿಸಿದ 5ನ್ನು ಪಿಸ್ಟನ್ ಇಳಿಸುತ್ತದೆ. ಮೊದಲಿನ 2 ಉಳಿದೇ ಇರುತ್ತದೆ. ಹಾಗಾದರೆ ಉದ್ದ ರಾಡಿನಿಂದ ಏನು ಲಾಭ? ಅದರ ವಾಲುವಿಕೆಯನ್ನು ನೋಡಬೇಕು. ಮೂಲ ಎಂಜಿನ್ನಿನಲ್ಲಿ ರಾಡ್ ಹೆಚ್ಚೆಂದರೆ 14.2 ಡಿಗ್ರಿ ವಾಲುತ್ತದೆ. 58ರ ಸ್ಟ್ರೋಕಿಗೆ ಹಳೆಯ 110 ಉಳಿಸಿಕೊಂಡರೆ ಅದು 15.3 ಆಗುತ್ತದೆ, 115 ಹಾಕಿದರೆ 14.6ಕ್ಕೆ ಇಳಿಯುತ್ತದೆ. ವಾಲಿದಷ್ಟೂ ಪಿಸ್ಟನ್ ಪಕ್ಕದ ಗೋಡೆಯನ್ನು ಒತ್ತುತ್ತದೆ, ಪಿಸ್ಟನ್ನಿನ ಕೆಳಭಾಗವಾದ ಸ್ಕರ್ಟ್ ಬೇಗ ಸವೆಯುತ್ತದೆ. ಉದ್ದ ರಾಡ್ ಹಾಕಿದರೆ ರಾಡಿನ ಮೇಲಿನ ಎಳೆತ ಬಹಳ ತಗ್ಗುತ್ತದೆ ಎಂದು ಹೇಳುವವರೂ ಉಂಟು. ಹಾಳೆಯ ಮೇಲೆ ಅದು ನಿಲ್ಲುವುದಿಲ್ಲ: ತಗ್ಗುವುದು 100ಕ್ಕೆ ಒಂದು ಪಾಲು, ಅಷ್ಟೇ. ನಿಮಿಷಕ್ಕೆ 10,000 ಸುತ್ತಿನಲ್ಲಿ 58ರ ಸ್ಟ್ರೋಕಿನ ಪಿಸ್ಟನ್ ತುದಿ ಮುಟ್ಟಿ ತಿರುಗುವಾಗ ಅದರ ಪ್ರತಿ 100 ಗ್ರಾಂ ತೂಕವೂ ರಾಡಿಗೆ 400 ಕಿಲೋದಂತೆ ಭಾಸವಾಗುತ್ತದೆ, ಯಾವ ರಾಡೇ ಇರಲಿ. ಎಳೆತ ತಗ್ಗಬೇಕೆಂದರೆ ಪಿಸ್ಟನ್ನಿನ ತೂಕ ತಗ್ಗಬೇಕು. ಇದನ್ನು ಅರಿತವರು ರಾಡಿಗಿಂತ ಮೊದಲು ತಕ್ಕಡಿ ನೋಡುತ್ತಾರೆ.

ಉಳಿದ 2 ಮಿ.ಮೀ.ಗೆ ಎರಡು ದಾರಿ. ಸಿಲಿಂಡರಿನ ಕೆಳಗೆ ಅಲ್ಯೂಮಿನಿಯಂ ಪ್ಲೇಟ್ ಇಟ್ಟು ಇಡೀ ಸಿಲಿಂಡರನ್ನೇ ಎತ್ತಬಹುದು, ಅಥವಾ ಪಿಸ್ಟನ್ ಸಿಲಿಂಡರಿನಿಂದ ಅಷ್ಟು ಹೊರಬರಲಿ ಎಂದು ಬಿಟ್ಟು ಹೆಡ್ಡಿನ ಗುಮ್ಮಟವನ್ನು ಆಳವಾಗಿ ಕೆತ್ತಿಸಬಹುದು. ಟೂ-ಸ್ಟ್ರೋಕಿನಲ್ಲಿ ಸಿಲಿಂಡರ್ ಗೋಡೆಯ ಕಿಂಡಿಗಳಾದ ಪೋರ್ಟುಗಳನ್ನು ತೆರೆದು ಮುಚ್ಚುವುದು ಪಿಸ್ಟನ್ನೇ ಆದ್ದರಿಂದ ಈ ಎರಡು ದಾರಿಗಳ ಫಲ ಒಂದೇ ಅಲ್ಲ. ಪ್ಲೇಟ್ ಇಟ್ಟರೆ ಎಗ್ಸಾಸ್ಟ್ ಪೋರ್ಟ್ ಬೇಗ ತೆರೆದು ತಡವಾಗಿ ಮುಚ್ಚುತ್ತದೆ, ಶಕ್ತಿಯೆಲ್ಲ ಮೇಲಿನ ಆರ್‌ಪಿಎಂಗೆ ಓಡುತ್ತದೆ. ಹೆಡ್ ಕೆತ್ತಿದರೆ ಟೈಮಿಂಗ್ ಹೆಚ್ಚುಕಮ್ಮಿ ಇದ್ದಲ್ಲೇ ಇರುತ್ತದೆ. ದಿಬ್ಬದ ಬುಡದಲ್ಲಿ ನಿಂತ ಗಾಡಿಯನ್ನು ಎತ್ತಬೇಕಾದ ನನಗೆ ಎರಡನೆಯದೇ ಇಷ್ಟ.

ಪಿಸ್ಟನ್ ಕೈಗೆ ಬಂದ ದಿನ ಗ್ಯಾರೇಜಿನ ಬಾಗಿಲು ಹಾಕಿಕೊಂಡು ಕೂರುತ್ತೇನೆ. ಪಿಸ್ಟನ್ ದುಂಡಗಿದೆ ಎಂದು ಕಣ್ಣು ಹೇಳುತ್ತದೆ, ಮೈಕ್ರೋಮೀಟರ್ ಒಪ್ಪುವುದಿಲ್ಲ. ಗಜನ್ ಪಿನ್ನಿನ ಉದ್ದಕ್ಕೆ ಅಳೆದರೆ ಒಂದು ಅಳತೆ, ಅದಕ್ಕೆ ಅಡ್ಡಲಾಗಿ ಅಳೆದರೆ ತುಸು ಹೆಚ್ಚು. ತಲೆಯ ಹತ್ತಿರ ಕಿರಿದು, ಸ್ಕರ್ಟಿನ ಕಡೆಗೆ ಅಗಲ. ಬೆಂಕಿ ತಾಗುವ ತಲೆ ಹೆಚ್ಚು ಹಿಗ್ಗುತ್ತದೆ, ಪಿನ್ ಕೂರುವ ಕಡೆ ಲೋಹ ಹೆಚ್ಚಿರುವುದರಿಂದ ಅಲ್ಲೂ ಹಿಗ್ಗು ಜಾಸ್ತಿ. ಕಾದ ಮೇಲೆ ದುಂಡಗಾಗಲಿ ಎಂದೇ ತಣ್ಣಗಿದ್ದಾಗ ಹೀಗೆ ತಿದ್ದಿರುತ್ತಾರೆ. ಈ ಕೌಶಲವನ್ನು ಬೆರಳಿನಲ್ಲಿ ಹಿಡಿದು ನೋಡುವ ಸಂತೋಷಕ್ಕೆ ನನ್ನ ಮಟ್ಟಿಗೆ ಸಮನಾದದ್ದಿಲ್ಲ. ಫೋರ್ಜ್ಡ್ ಪಿಸ್ಟನ್ ಎರಕದ ಪಿಸ್ಟನ್ನಿಗಿಂತ ಗಟ್ಟಿ, ಆದರೆ ಹೆಚ್ಚು ಹಿಗ್ಗುತ್ತದೆ, ಹಾಗಾಗಿ ಅದಕ್ಕೆ ಗೋಡೆಯಿಂದ ತುಸು ಹೆಚ್ಚು ಅಂತರ ಬೇಕು. ಎಂಜಿನ್ ಬೆಚ್ಚಗಾಗುವ ಮುನ್ನ ಆಕ್ಸಿಲರೇಟರ್ ಹಿಂಡಿದರೆ ಪಿಸ್ಟನ್ ಸಿಲಿಂಡರಿಗಿಂತ ಮೊದಲೇ ಹಿಗ್ಗಿ, ನಾಲ್ಕು ಮೂಲೆಗಳಲ್ಲಿ ನಾಲ್ಕು ಉದ್ದ ಗೀರು ಮೂಡಿಸಿ ಸೀಜ್ ಆಗುತ್ತದೆ.

ಗಜನ್ ಪಿನ್ ಜಾರದಂತೆ ಹಿಡಿಯುವ ತಂತಿಯ ಕ್ಲಿಪ್ ಹೆಸರಿಗೆ ಚಿಕ್ಕದು. ಅದನ್ನು ಪ್ರತಿ ಸಲ ಹೊಸದೇ ಹಾಕಬೇಕು. ಅದರ ಬಾಯಿ ನೇರ ಮೇಲಕ್ಕೆ ಅಥವಾ ನೇರ ಕೆಳಕ್ಕೆ ಇರಬೇಕು. ಪಕ್ಕಕ್ಕಿದ್ದರೆ ಪಿಸ್ಟನ್ ತುದಿ ಮುಟ್ಟಿ ತಿರುಗುವ ಜಗ್ಗಾಟದಲ್ಲಿ ಮುದುಡಿ ಹಾರಿಹೋಗಬಹುದು. ಪಿಸ್ಟನ್ ತಲೆಯ ಮೇಲಿನ ಬಾಣ ಎಗ್ಸಾಸ್ಟ್ ಕಡೆ, ರಿಂಗಿನ ತುದಿಗಳು ಅವಕ್ಕೆಂದೇ ಇಟ್ಟ ಮೊಳೆಯ ಇಕ್ಕೆಲದಲ್ಲಿ.

ಕೊನೆಗೆ ಬೆಸುಗೆ ತಂತಿಯ ಪರೀಕ್ಷೆ. ಸ್ಪಾರ್ಕ್ ಪ್ಲಗ್ಗಿನ ತೂತಿನಿಂದ ತಂತಿಯನ್ನು ಗಜನ್ ಪಿನ್ನಿನ ಸಾಲಿನಲ್ಲೇ ಗೋಡೆಯವರೆಗೆ ತೂರಿಸಿ ಎಂಜಿನ್ನನ್ನು ಕೈಯಿಂದ ಒಂದು ಸುತ್ತು ತಿರುಗಿಸಬೇಕು. ಚಪ್ಪಟೆಯಾದ ತುದಿಯನ್ನು ಅಳೆದರೆ ಪಿಸ್ಟನ್ನಿಗೂ ಹೆಡ್ಡಿಗೂ ನಡುವೆ ಉಳಿದ ಜಾಗ ತಿಳಿಯುತ್ತದೆ. 1.2 ಮಿ.ಮೀ. ಆಸುಪಾಸಿನಲ್ಲಿ ಬಂದರೆ ನನಗೆ ನೆಮ್ಮದಿ. ಪಿಸ್ಟನ್ ಕೆಳತುದಿಗೆ ಬಂದಾಗ ಸ್ಕರ್ಟಿನ ಅಂಚು ಕ್ರ್ಯಾಂಕಿನ ಚಕ್ರಕ್ಕೆ ತಾಗುತ್ತದೆಯೇ ಎಂಬುದನ್ನೂ ಆಗಲೇ ನೋಡಿಕೊಳ್ಳುತ್ತೇನೆ.

ಮರಳಿಗೆಂದು ಮೊದಲ ಸಲ ಕಟ್ಟುವವರು 58ರ ಕ್ರ್ಯಾಂಕ್, 115ರ ರಾಡ್, ಅದಕ್ಕೆ ಹೊಂದುವ ಹಗುರ ಫೋರ್ಜ್ಡ್ ಪಿಸ್ಟನ್, ಕೆತ್ತಿದ ಹೆಡ್ ಆರಿಸಿಕೊಳ್ಳಿ. ಬೋರನ್ನು 64ಕ್ಕೇ ಬಿಡಿ. ಬ್ಯಾನ್‌ಶೀ ಕ್ರ್ಯಾಂಕ್ ಒತ್ತಿ ಕೂಡಿಸಿದ್ದು, ರಾಡ್ ಬದಲಿಸಬೇಕೆಂದರೆ ಇಡೀ ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಬಿಚ್ಚಬೇಕು. ಆದ್ದರಿಂದ ಸ್ಟ್ರೋಕಿನ ಅರ್ಧ, ರಾಡಿನ ಉದ್ದ, ಪಿನ್ನಿನಿಂದ ತಲೆಯವರೆಗಿನ ಎತ್ತರ, ಈ ಮೂರು ಅಂಕಿಗಳನ್ನು ಬರೆದು, ಎರಡು ಸಲ ಕೂಡಿ ನೋಡಿ, ಆಮೇಲೆ ದುಡ್ಡು ಕೊಡಿ.